ಗೌತಮಿಯ ಏಳನೇ ಅರ್ಜಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಾಯಿ ಬರುವುದಿಲ್ಲ. ರಾವಂದೂರಿನ ಗೌತಮಿ ಏಳು ವರ್ಷ ಕಾದು ಬರೆದ ಅರ್ಜಿಯನ್ನು ನಾನು ಇನ್ನೊಬ್ಬರಿಗೆ ಕೊಟ್ಟುಬಿಟ್ಟೆ. ಯಾರೂ ನನ್ನ ಕುತ್ತಿಗೆ ಹಿಡಿದು ಕೇಳಲಿಲ್ಲ, ಯಾರೂ ಆಸೆ ತೋರಿಸಲಿಲ್ಲ. ನಾನಾಗಿ ನಾನೇ ಕೊಟ್ಟೆ. ಯಾಕೆ ಎನ್ನುವುದನ್ನು ಹೇಳಲು ಹೋದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ನನ್ನ ಹೆಸರು ಶಾಹಿಸ್ತಾ. ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಯಜಮಾನರು ಖದೀರ್, ಪಕ್ಕದ ಗಲ್ಲಿಯಲ್ಲಿ ಮಂಚ, ಬಾಗಿಲುಗಳಿಗೆ ಪಾಲಿಶ್ ಹೊಡೆಯುತ್ತಾರೆ. ಮನೆಯಲ್ಲಿ ನಮ್ಮದು ಉರ್ದು, ಆದರೆ ಇಪ್ಪತ್ತು ವರ್ಷದಿಂದ ನನಗೆ ಅನ್ನ ಹಾಕುತ್ತಿರುವುದು ಕನ್ನಡ. ಗಿರಾಕಿಗಳು ಬಂದು, "ಸಾಬ್ರಾದ್ರೂ ನಿಮ್ ಕನ್ನಡ ಎಷ್ಟ್ ಸೊಗ್ಸಾಗೈತೆ ಕಣ್ರೀ" ಅನ್ನುತ್ತಾರೆ. ಹುಣಸೂರಿನಲ್ಲಿ ಹುಟ್ಟಿ, ಹುಣಸೂರಿನಲ್ಲಿ ಓದಿ, ಹುಣಸೂರಿನಲ್ಲೇ ಮದುವೆಯಾದವಳು ಇನ್ನೇನು ಫ್ರೆಂಚ್ ಮಾತಾಡಲೇ? ಮೈಯೆಲ್ಲ ಉರಿಯುತ್ತದೆ. ನಿಜ ಹೇಳಬೇಕೆಂದರೆ, ಉರಿದು ಆರಿದ ಮೇಲೆ ಒಳಗೊಳಗೇ ಒಂದು ಖುಷಿಯೂ ಆಗುತ್ತದೆ. ಆ ಹಾಳು ಖುಷಿಯೇ ನನ್ನನ್ನು ಕೆಡಿಸಿದ್ದು.

ನಮ್ಮ ಕಸುಬಿನಲ್ಲಿ ಅರ್ಜಿ ಅಂದರೆ ಯಾರಪ್ಪನ ಸ್ವತ್ತೂ ಅಲ್ಲ. ನನ್ನ ಕಂಪ್ಯೂಟರಿನಲ್ಲಿ 'ಮಾದರಿ' ಎನ್ನುವ ಒಂದು ಫೋಲ್ಡರ್ ಇದೆ. ಖಾತೆ ಬದಲಾವಣೆಯ ಅರ್ಜಿ, ಮೇಷ್ಟ್ರ ರಜೆ ಚೀಟಿ, ವಿಧವಾ ವೇತನದ ಮನವಿ, ಗೃಹಪ್ರವೇಶದ ಕರೆಯೋಲೆ, ಶ್ರದ್ಧಾಂಜಲಿ ಬ್ಯಾನರ್, ಎಲ್ಲವೂ ಅದರಲ್ಲಿವೆ. ಒಬ್ಬರಿಗೆ ಮಾಡಿದ್ದನ್ನು ತೆಗೆದು, ಹೆಸರು, ಊರು, ಸರ್ವೆ ನಂಬರ್ ಬದಲಾಯಿಸಿದರೆ ಇನ್ನೊಬ್ಬರದು ತಯಾರು. ಒಮ್ಮೆ ಶ್ರದ್ಧಾಂಜಲಿ ಬ್ಯಾನರಿನಲ್ಲಿ ಹಿಂದಿನ ತಿಂಗಳು ಸತ್ತವರ ಹೆಸರೇ ಉಳಿದುಹೋಗಿ, ಆ ಮನೆಯವರು ರಸ್ತೆಯಲ್ಲಿ ಅದನ್ನು ನೋಡಿ ಎರಡನೇ ಸಲ ಅತ್ತಿದ್ದರು. ಅಷ್ಟು ಬಿಟ್ಟರೆ ಈ ಪದ್ಧತಿಯಿಂದ ಯಾರಿಗೂ ಕೆಟ್ಟದ್ದಾಗಿರಲಿಲ್ಲ. ಗಿರಾಕಿಗಳೇ ಬಂದು, "ಅವ್ರಿಗೆ ಮಾಡ್ಕೊಟ್ರಲ್ಲ, ಅಂಥದ್ದೇ ನಮ್ಗೂ ಒಂದು" ಎಂದು ಕೇಳುತ್ತಾರೆ.

ಗೌತಮಿಯ ಅರ್ಜಿ ಮಾತ್ರ ಅಂಥದ್ದಾಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ.

ಅವಳು ಪಿರಿಯಾಪಟ್ಟಣದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾದು ಕೂರುವ ಕೆಲಸ. ಅಪ್ಪ ಇಲ್ಲ. ಅವ್ವ ಚಿಕ್ಕಸಿದ್ದಮ್ಮ ಇವಳನ್ನು ಹೊಗೆಸೊಪ್ಪು ಬಿಡಿಸುವ ಕೂಲಿಯಲ್ಲೇ ಓದಿಸಿದವಳು. ಒಂದು ವಿಶ್ವವಿದ್ಯಾಲಯದ ಮಾನವಿಕ ಅಧ್ಯಯನ ಕೇಂದ್ರದವರು ವರ್ಷಕ್ಕೊಮ್ಮೆ ಸಂಶೋಧನಾ ಫೆಲೋಶಿಪ್ ಕರೆಯುತ್ತಾರೆ. ಆಯ್ಕೆಯಾದವರು ಒಂದು ವರ್ಷ ಅಲ್ಲೇ ಇದ್ದು, ಪಾಠದ ಗೋಜಿಲ್ಲದೆ ಓದಿ ಬರೆಯಬಹುದು. ಆದರೆ ಬರೆಯುವವರು ತಮಗೆ ತೋಚಿದ್ದನ್ನು ಬರೆಯುವ ಹಾಗಿಲ್ಲ. ಪ್ರತಿ ವರ್ಷ ಅವರೇ ಒಂದು ವಿಷಯ ಕೊಡುತ್ತಾರೆ, ಎಲ್ಲರೂ ತಮ್ಮ ಸಂಶೋಧನೆಯನ್ನು ಅದಕ್ಕೆ ಹೊಂದಿಸಬೇಕು.

ಗೌತಮಿಯ ಹತ್ತಿರ ಇದ್ದದ್ದು ಒಂದೇ ಸಂಶೋಧನೆ. ಹೊಗೆಸೊಪ್ಪಿನ ಶೆಡ್ಡಿನಲ್ಲಿ ಕೂತು ಎಲೆ ವಿಂಗಡಿಸುವ ಹೆಂಗಸರು. ಅದನ್ನೇ ಅವಳು ವರ್ಷವರ್ಷವೂ ಬಗ್ಗಿಸಿ, ತಿರುಚಿ ತರುತ್ತಿದ್ದಳು. ವಿಷಯ 'ನೀರು' ಅಂದ ವರ್ಷ, ಎಲೆಗೆ ಎಷ್ಟು ತೇವ ಬೇಕು ಅಂತ ಬರೆದಳು. 'ಗಡಿ' ಅಂದ ವರ್ಷ, ಒಂದು ದರ್ಜೆಯ ಎಲೆಗೂ ಇನ್ನೊಂದಕ್ಕೂ ನಡುವೆ ಗಡಿ ಎಳೆಯುವವರು ಯಾರು ಅಂತ ಬರೆದಳು. 'ಮೌನ' ಅಂದ ವರ್ಷ ಪಾಪ, ಶೆಡ್ಡಿನ ಹೆಂಗಸರು ಮಾತಿಲ್ಲದೆ ದುಡಿಯುತ್ತಾರೆ ಅಂತ ಬರೆದಳು. ಅದನ್ನು ಅವ್ವನಿಗೆ ಓದಿ ಹೇಳಿದಾಗ ಚಿಕ್ಕಸಿದ್ದಮ್ಮ, "ನಾವ್ ಯಾವತ್ತವ್ವ ಸುಮ್ಕೆ ಕುಂತಿದ್ದೋ? ಬಾಯಿ ಮುಚ್ಚಿದ್ರೆ ಕೈ ಓಡಾಕಿಲ್ಲ ನಮ್ಗೆ" ಅಂದಳಂತೆ. ಆ ವರ್ಷದ್ದು ಬರದೇ ಹೋದದ್ದಕ್ಕೆ ಗೌತಮಿಗೇ ಸಮಾಧಾನವಾಗಿತ್ತು. "ಸುಳ್ಳಿಗೆ ಸಿಕ್ಕಿದ್ರೆ ಒಂದು ವರ್ಷ ಹೆಂಗಕ್ಕ ಬಾಳ್ತಿದ್ದೆ?" ಅಂದಿದ್ದಳು.

ಆರು ವರ್ಷ, ಆರು ವಿಷಯ, ಆರು ಸಲ 'ವಿಷಾದಿಸುತ್ತೇವೆ'. ಆರನ್ನೂ ಟೈಪ್ ಮಾಡಿದವಳು ನಾನೇ. ಏಳನೇ ವರ್ಷ ಅವಳಿಗೆ ಮೂವತ್ತೊಂಬತ್ತು ನಡೆಯುತ್ತಿತ್ತು. ನಲವತ್ತಾದವರು ಅರ್ಜಿ ಹಾಕುವಂತಿಲ್ಲ, ಅದೇ ಕೊನೆ. ಆ ವರ್ಷದ ವಿಷಯ ಪ್ರಕಟವಾದ ದಿನ ಅವಳು ಬಸ್ಸಿಳಿದು ಓಡಿಕೊಂಡೇ ಬಂದಳು. ಅಂಗಡಿಯಲ್ಲಿ ನಾಲ್ಕು ಜನ ಇದ್ದಾರೆ ಅನ್ನುವುದನ್ನೂ ನೋಡದೆ, "ಅಕ್ಕ, 'ಸ್ಪರ್ಶ' ಕಣಕ್ಕ! ಈ ಸಲ ನಾನು ಬಗ್ಗಬೇಕಾಗಿಲ್ಲ, ಅದೇ ನನ್ ಹತ್ರ ಬಂದೈತೆ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ನವೆಂಬರಿನ ಒಂದು ಭಾನುವಾರ ಫೋಟೋ ತೆಗೆಯಲೆಂದು ನನ್ನನ್ನೂ ರಾವಂದೂರಿಗೆ ಕರೆದುಕೊಂಡು ಹೋದಳು. ಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಒಣಗಿದ ಎಲೆಗಳನ್ನು ಬಣ್ಣ, ದಪ್ಪ ನೋಡಿ ಬೇರೆ ಬೇರೆ ಮಾಡುತ್ತಿದ್ದರು. ನಾನು ತಮಾಷೆಗೆ ಚಿಕ್ಕಸಿದ್ದಮ್ಮನ ಕಣ್ಣಿಗೆ ನನ್ನ ದುಪಟ್ಟಾ ಕಟ್ಟಿದೆ. ಆ ಹೆಂಗಸು ನಗುತ್ತಲೇ ಒಂದೊಂದೇ ಎಲೆಯನ್ನು ಹೆಬ್ಬೆರಳಿನಿಂದ ತೀಡಿ, "ಇದ್ರಲ್ಲಿ ಎಣ್ಣೆ ಐತೆ, ಇದು ಕಾಗ್ದ ಆಗ್ಬುಟ್ಟೈತೆ, ಇದ್ನ ಬೇಯ್ಸೋನು ನಿದ್ದೆ ಮಾಡವ್ನೆ" ಎಂದು ನಾಲ್ಕು ರಾಶಿ ಮಾಡಿದಳು. ಕಣ್ಣು ಬಿಚ್ಚಿ ನೋಡಿದರೆ ಒಂದೂ ತಪ್ಪಿರಲಿಲ್ಲ.

ಅದನ್ನೇ ಗೌತಮಿ ಅರ್ಜಿಯ ಮೊದಲಿಗಿಟ್ಟಳು. ಅವಳು ಮೊದಲು ಬರೆದು ತಂದದ್ದು 'ಗ್ರಾಮೀಣ ಕಾರ್ಮಿಕ ಮಹಿಳೆಯರ ಸ್ಪರ್ಶಾಧಾರಿತ ಜ್ಞಾನ' ಎಂದು. ನಾನು, "ಇದೇನೇ ಇದು, ತಹಸೀಲ್ದಾರ್‌ಗೆ ಬರ್ದಂಗೆ? ಅವ್ವ ಅಂತ ಬರಿ" ಅಂದೆ. ಅವಳು ನಿಧಾನವಾಗಿ ಹೇಳುತ್ತ ಹೋದಳು, ನಾನು ಟೈಪ್ ಮಾಡಿದೆ: 'ನನ್ನ ಅವ್ವ ಎಲೆಯನ್ನು ಹೆಬ್ಬೆರಳಿನಿಂದ ಓದುತ್ತಾಳೆ. ಶಾಲೆಗೆ ಹೋಗದ ಅವಳಿಗೆ ಬೇರೆ ಓದು ತಿಳಿಯದು. ಈ ಓದಿಗೆ ನಮ್ಮಲ್ಲಿ ಪದವಿಯಿಲ್ಲ, ಪುಸ್ತಕವಿಲ್ಲ, ದಿನಗೂಲಿ ಮಾತ್ರ ಇದೆ.' ಹೀಗೆ ಮೂರು ಪ್ಯಾರಾ. ನನ್ನ ಪಾಲು ಅದರಲ್ಲಿ 'ಅವ್ವ' ಅನ್ನುವ ಒಂದೇ ಒಂದು ಪದ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದನ್ನು ಕೇಳಿದರೆ ಇಡೀ ಅರ್ಜಿ ನಾನೇ ಹೆತ್ತದ್ದು ಅನ್ನಿಸೀತು.

ಅರ್ಜಿ ತಯಾರಾದರೂ ಅವಳು ಕಳಿಸಲಿಲ್ಲ. ಅವಳಿಗೆ ಕಾಲೇಜಿನಲ್ಲಿ ಪಾಠ ಮಾಡಿದ್ದ, ಈಗ ನಿವೃತ್ತರಾಗಿರುವ ಸೋಮಯ್ಯ ಮೇಷ್ಟ್ರು ಓದಿ ಶಿಫಾರಸು ಪತ್ರ ಕೊಡಬೇಕಿತ್ತು. ಅವರಿಗೆ ಜ್ವರ. ಕೊನೆಯ ದಿನಕ್ಕೆ ಇನ್ನೂ ಮೂರು ದಿನ ಇತ್ತು.

ಆಗ ಬಂದವರು ಮಹೇಶ್‌ಕುಮಾರ್. ಕೆ.ಆರ್. ನಗರದ ಕಡೆಯ ಒಂದು ಖಾಸಗಿ ಕಾಲೇಜಿನ ಮೇಷ್ಟ್ರು, ಹೆಂಡತಿಯ ತವರು ಹುಣಸೂರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. "ಮೇಡಂ, ಒಂದು ಫೆಲೋಶಿಪ್ಪಿಗೆ ಹಾಕ್ಬೇಕು. ವಿಷಯ ಸ್ಪರ್ಶ ಅಂತೆ. ಏನ್ ಬರಿಯೋದು ಅಂತ್ಲೇ ತಲೆಗೆ ಹೋಗ್ತಿಲ್ಲ. ಯಾರಾದ್ರೂ ಮಾಡ್ಸಿದ್ರೆ ಒಂದು ಮಾದರಿ ಇದ್ರೆ ತೋರ್ಸಿ" ಅಂದರು. ಎಲ್ಲರೂ ಕೇಳುವ ಹಾಗೇ ಕೇಳಿದರು. ಎಲ್ಲರಿಗೂ ಮಾಡುವ ಹಾಗೇ ನಾನು ಗೌತಮಿಯ ಫೈಲು ತೆರೆದು, ಹೆಸರಿದ್ದ ಪುಟ ಬಿಟ್ಟು ಉಳಿದದ್ದನ್ನು ಪ್ರಿಂಟ್ ಹಾಕಿಕೊಟ್ಟೆ. ಇಲ್ಲಿಯವರೆಗಿನದು ಅಭ್ಯಾಸಬಲ ಅಂತಾದರೂ ಅನ್ನಬಹುದು.

ಅವರು ನಿಂತಲ್ಲೇ ಓದಿದರು. ಒಂದು ಪುಟ ಮುಗಿಸಿ ತಲೆಯೆತ್ತಿ, "ಅಬ್ಬಾ! ಯಾರ್ ಬರ್ದಿದ್ದು ಇದನ್ನ?" ಅಂದರು.

ಇಪ್ಪತ್ತು ವರ್ಷದಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ನನ್ನನ್ನು ಕೇಳುವುದು 'ಎಷ್ಟೊತ್ತಿಗೆ ಆಗ್ತದೆ', 'ಎಷ್ಟು ಕಾಪಿ' ಅಂತ. ನಾನು ಹೇಳಿದೆ, "ನಾನೇ."

"ನೀವಾ?"

"ಹ್ಞೂ ಸಾರ್. ಅವ್ರು ಬಂದು ಹಿಂಗಿಂಗೆ ಅಂತಾರೆ, ಬರಿಯೋದೆಲ್ಲ ನಾನೇ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮಂಥೋರು ಈ ಜೆರಾಕ್ಸ್ ಅಂಗಡೀಲಿ ಕೂತಿದ್ದೀರಲ್ಲ ಮೇಡಂ!" ಅಂದರು. ಥೂ, ಆ ಮಾತಿಗೆ ನಾನು ಎಷ್ಟು ಉಬ್ಬಿಹೋದೆ ಅಂದರೆ, ಅವರಿಗೆ ಟೀ ತರಿಸಿದೆ. ಟೀ ಕುಡಿಯುತ್ತ ಅವರು, "ನೀವೇ ಬರ್ದಿದ್ದು ಅಂದ್ಮೇಲೆ, ಸ್ವಲ್ಪ ನಾನೂ ಬಳಸ್ಕೋಬೋದಾ?" ಎಂದು ಕೇಳಿದರು. ನನ್ನದು ಅಂತ ಹೇಳಿಯಾಗಿತ್ತಲ್ಲ, ಬೇಡ ಅನ್ನಲು ಬಾಯೆಲ್ಲಿದೆ? "ಬಳಸ್ಕೊಳಿ ಸಾರ್, ಅದಕ್ಕೇನು" ಅಂದೆ. ಅವರ ಪೆನ್‌ಡ್ರೈವಿಗೆ ಹಾಕಿಯೂ ಕೊಟ್ಟೆ. ಅವತ್ತು ಅಡುಗೆ ಮಾಡುವಾಗ ಹಾಡು ಗುನುಗುತ್ತಿದ್ದೆ ಎಂದು ಆಮೇಲೆ ಖದೀರ್ ನೆನಪು ಮಾಡಿದರು.

ಮಹೇಶ್‌ಕುಮಾರ್ ಅರ್ಜಿ ಮಾರನೇ ದಿನವೇ ಹೋಯಿತು. ಗೌತಮಿಯದು ಸೋಮಯ್ಯ ಮೇಷ್ಟ್ರ ಪತ್ರ ಬಂದ ಮೇಲೆ, ಕೊನೆಯ ದಿನ. ನಾನೇ ಬಟನ್ ಒತ್ತಿದೆ. ಒತ್ತುವಾಗಲೂ ನನಗೆ ಏನೂ ಅನ್ನಿಸಲಿಲ್ಲ. ಅವರು ಸ್ವಲ್ಪ ನೋಡಿ ತಮ್ಮದನ್ನು ತಾವು ಬರೆದಿರುತ್ತಾರೆ ಅಂದುಕೊಂಡಿದ್ದೆ. ಅಥವಾ ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ಫೆಬ್ರವರಿಯಲ್ಲಿ ಗೌತಮಿಗೆ ಸಂದರ್ಶನಕ್ಕೆ ಕರೆ ಬಂತು. ಏಳು ವರ್ಷದಲ್ಲಿ ಮೊದಲ ಸಲ. ಹೊಸ ಸೀರೆ ಉಟ್ಟುಕೊಂಡು ಹೋದವಳು ಮಾರನೇ ದಿನ ಅಂಗಡಿಗೆ ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ಸ್ಟೂಲ್ ಎಳೆದು ಕೂತು, "ಅಕ್ಕ, ನಮ್ಮವ್ವನ ಬೆರಳನ್ನ ಯಾರೋ ಕದ್ದವ್ರೆ" ಅಂದಳು.

ಆಯ್ಕೆ ಸಮಿತಿಯವರು ಎರಡು ಅರ್ಜಿಗಳನ್ನು ಅವಳ ಮುಂದೆ ಇಟ್ಟಿದ್ದರಂತೆ. ಮೂರು ಪ್ಯಾರಾ ಅಕ್ಷರ ಅಕ್ಷರ ಒಂದೇ. ಇವಳದರಲ್ಲಿ ಅವ್ವ, ಇನ್ನೊಂದರಲ್ಲಿ ಅಜ್ಜಿ, ಅಷ್ಟೇ ವ್ಯತ್ಯಾಸ. ಆ ಇನ್ನೊಂದು ಅರ್ಜಿ ಇವಳದಕ್ಕಿಂತ ಎರಡು ದಿನ ಮೊದಲು ಬಂದಿದೆ. ಅದು ಯಾರದೆಂದು ಅವರು ಹೇಳಲಿಲ್ಲ. ಹತ್ತು ದಿನದೊಳಗೆ ಲಿಖಿತವಾಗಿ ವಿವರಣೆ, ಪುರಾವೆ ಕೊಡದಿದ್ದರೆ ಎರಡೂ ರದ್ದು ಅಂದರಂತೆ. "ಅಲ್ಲಿದ್ದ ಒಬ್ರು ನನ್ನ ನೋಡಿದ್ದು ನೋಡ್ಬೇಕಿತ್ತು ಅಕ್ಕ. ನಮ್ಮವ್ವನ್ನೇ ನಾನು ನಕಲು ಹೊಡ್ದಂಗೆ."

ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಅವಳೇ, "ನೀವು ನಾನು ಬಿಟ್ರೆ ಅದನ್ನ ಓದ್ದೋರು ಒಬ್ರೇ, ಸೋಮಯ್ಯ ಮೇಷ್ಟ್ರು. ಅವ್ರೇ ಯಾರಿಗೋ ಕೊಟ್ಟವ್ರೆ. ಇನ್ಯಾರು ಕೊಡ್ತಾರೆ ಹೇಳಿ?" ಅಂದಳು.

ಆಗಲಾದರೂ ನಾನು ಹೇಳಬಹುದಿತ್ತು. "ಇರ್ಬೋದು" ಅಂದೆ. ನನ್ನ ಬಾಯಿಗೆ ಹುಳ ಬೀಳಬಾರದೇ? ಆ ಮುದುಕರು ಜ್ವರದಲ್ಲಿ ಎದ್ದು ಕೂತು ಪತ್ರ ಬರೆದುಕೊಟ್ಟವರು. "ಇರ್ಬೋದು" ಅಂದೆ.

ಮನೆಗೆ ಹೋಗಿ ಖದೀರ್‌ಗೆ ಎಲ್ಲ ಹೇಳಿದೆ, 'ನಾನೇ ಬರ್ದಿದ್ದು' ಅಂದದ್ದನ್ನು ಬಿಟ್ಟು. ಅವರು ಬ್ರಷ್ ತೊಳೆಯುತ್ತ, "ಫೈಲ್ ಅಳಿಸಿಬುಡು. ಯಾರಿಗೆ ಗೊತ್ತಾಗ್ತದೆ?" ಅಂದರು. ಅಳಿಸಿದರೆ ನಾನು ಉಳಿಯುತ್ತಿದ್ದೆ. ಆದರೆ ಆ ಫೈಲು ಯಾವ ದಿನ ಶುರುವಾಯಿತು, ದಿನದಿನವೂ ಹೇಗೆ ಬೆಳೆಯಿತು ಎನ್ನುವುದಕ್ಕೆ ಪುರಾವೆ ನನ್ನ ಆ ಕಂಪ್ಯೂಟರ್ ಒಂದೇ. ಅದು ಹೋದರೆ ಗೌತಮಿಯೂ ಹೋದಳು. ಉಳಿಸಿದರೆ ನಾನು ಹೋದೆ. ಈ ಊರಿನ ಅರ್ಧ ಜನರ ಆಧಾರ್, ಜಮೀನಿನ ಪತ್ರ, ಗಂಡ ಹೆಂಡಿರ ಕೋರ್ಟು ಕಾಗದ, ಎಲ್ಲ ನನ್ನನ್ನು ನಂಬಿ ಅಲ್ಲಿವೆ. ಒಬ್ಬರ ಕಾಗದ ಇನ್ನೊಬ್ಬರಿಗೆ ಕೊಡುವ ಹೆಂಗಸು ಅಂತ ಗೊತ್ತಾದರೆ ಯಾರು ನನ್ನ ಅಂಗಡಿ ಮೆಟ್ಟಿಲು ಹತ್ತುತ್ತಾರೆ? ಒಂದು ವಾರ ನಾನು ಅಳಿಸಲೂ ಇಲ್ಲ, ಹೇಳಲೂ ಇಲ್ಲ. ಗೌತಮಿಯ ಫೋನ್ ಬಂದರೆ ಮೊಬೈಲನ್ನು ಬೋರಲು ಹಾಕುತ್ತಿದ್ದೆ.

ಎಂಟನೇ ದಿನ ಬಂದಳು. ಸೋಮಯ್ಯ ಮೇಷ್ಟ್ರ ಮನೆಗೆ ಹೋಗಿ ಕೂಗಾಡಿ ಬಂದಿದ್ದಳು. "ಒಂದ್ ಮಾತೂ ಆಡ್ಲಿಲ್ಲ ಅಕ್ಕ ಅವ್ರು. ಕನ್ನಡಕ ತೆಗ್ದು ಒರೆಸ್ಕೋತ ಕೂತಿದ್ರು. ತಪ್ಪಿಲ್ದೋರು ಸುಮ್ನಿರ್ತಾರಾ?" ಅಂದಳು. ಆಮೇಲೆ ಯಾವಾಗಿನಂತೆ ನನ್ನ ಪಕ್ಕ ಕೂತು ಹೇಳತೊಡಗಿದಳು, ನಾನು ಟೈಪ್ ಮಾಡತೊಡಗಿದೆ. "ಬರೀರಿ: ಸದರಿ ಬರವಣಿಗೆಯನ್ನು ನಾನು ಶ್ರೀ ಸೋಮಯ್ಯನವರಿಗೆ ಮಾತ್ರ ಓದಲು ಕೊಟ್ಟಿದ್ದು, ಅವರ ಮೂಲಕವೇ..."

ಮೇಷ್ಟ್ರ ಹೆಸರು ಟೈಪ್ ಮಾಡಿದೆ. ಮುಂದಕ್ಕೆ ಬೆರಳು ಹೋಗಲಿಲ್ಲ. ಅವಳು ಇನ್ನೊಂದು ಸಲ ಹೇಳಿದಳು. ನಾನು ಮೇಷ್ಟ್ರ ಹೆಸರನ್ನು ಅಳಿಸಿದೆ. ಬಾಯಲ್ಲಿ ಹೇಳುವ ಯೋಗ್ಯತೆ ನನಗಿರಲಿಲ್ಲ, ಬೆರಳಿಗಷ್ಟು ಬಂತು: 'ಸದರಿ ಬರವಣಿಗೆಯನ್ನು ಈ ಅಂಗಡಿಯ ಶಾಹಿಸ್ತಾ ಎಂಬ ನಾನು, ಬರೆದವರ ಅನುಮತಿಯಿಲ್ಲದೆ, ಇನ್ನೊಬ್ಬ ಅರ್ಜಿದಾರರಿಗೆ ಕೊಟ್ಟಿರುತ್ತೇನೆ. ಶ್ರೀ ಸೋಮಯ್ಯನವರದಾಗಲಿ, ಗೌತಮಿಯವರದಾಗಲಿ ಇದರಲ್ಲಿ ತಪ್ಪಿರುವುದಿಲ್ಲ.'

ಗೌತಮಿ ಸ್ಕ್ರೀನ್ ನೋಡುತ್ತಿದ್ದಳು. ನಾನು ಅವಳ ಕಡೆ ತಿರುಗಲಿಲ್ಲ. ಹೊರಗೆ ಎಚ್.ಡಿ. ಕೋಟೆ ಬಸ್ಸಿನ ಕಂಡಕ್ಟರು ಕೂಗುತ್ತಿದ್ದ. ಓದಿ ಮುಗಿಸಿ ಅವಳು, "ಯಾಕೆ ಕೊಟ್ರಿ ಅನ್ನೋದು ಬರ್ದಿಲ್ಲ" ಅಂದಳು. 'ಅಕ್ಕ' ಅನ್ನಲಿಲ್ಲ.

"ಅದ್ಯಾಕೆ ಗೌತಮಿ..."

"ದುಡ್ಡಿಗೆ ಕೊಟ್ರಿ ಅಂದ್ಕೋತಾರೆ. ದುಡ್ಡು ಇಸ್ಕೊಂಡ್ರಾ?"

"ಅಲ್ಲಾಹ್‌ನಾಣೆ ಇಲ್ಲ."

"ಮತ್ತೆ? ಬರೀರಿ."

ಬರೆದೆ. 'ಇದನ್ನು ಬರೆದವರು ಯಾರೆಂದು ಅವರು ಕೇಳಿದಾಗ, ನಾನೇ ಎಂದು ಸುಳ್ಳು ಹೇಳಿರುತ್ತೇನೆ. ನನ್ನದೆಂದು ಹೇಳಿದ್ದರಿಂದ ಕೊಡಲಾಗುವುದಿಲ್ಲ ಎನ್ನಲು ಆಗಲಿಲ್ಲ.' ಅಷ್ಟು ಬರೆಯುವುದರಲ್ಲಿ ಕಣ್ಣು ಮಂಜಾಗಿ ಮೂರು ಕಡೆ ತಪ್ಪು ಬಿತ್ತು. ಅವಳು ಬೆರಳಿಟ್ಟು ಒಂದೊಂದನ್ನೂ ತೋರಿಸಿದಳು, ತಿದ್ದಿದೆ. ಬೈದಿದ್ದರೆ ಸಹಿಸುತ್ತಿದ್ದೆ. ಕೆನ್ನೆಗೆ ಬಾರಿಸಿದ್ದರೂ ಸರಿ ಅನ್ನುತ್ತಿದ್ದೆ. ಅವಳು ಫೈಲಿನ ತಾರೀಖುಗಳದ್ದು ಒಂದು ಪ್ರಿಂಟು, ಪತ್ರದ ಮೂರು ಪ್ರತಿ ಕೇಳಿ, ನನ್ನ ಸಹಿ, ಸೀಲು ಹಾಕಿಸಿಕೊಂಡಳು. ತನ್ನ ಎಲ್ಲ ಫೈಲುಗಳನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಂಡು, "ನಿಮ್ಮ ಮಾದರಿಯಿಂದ ನಂದು ತೆಗ್ದಾಕಿ. ಸಮಿತಿಯೋರು ನೋಡಿದ್ಮೇಲೆ ಕಂಪ್ಯೂಟರಲ್ಲಿರೋ ನನ್ ಫೈಲನ್ನೂ ಅಳಿಸಿ" ಅಂದಳು. ಟೇಬಲ್ಲಿನ ಮೇಲೆ ಪ್ರಿಂಟಿನ ಹಣವಿಟ್ಟಳು. ಬೇಡ ಎಂದರೂ ಇಟ್ಟಳು. ಅಲ್ಲಿಂದ ನೇರ ಸೋಮಯ್ಯ ಮೇಷ್ಟ್ರ ಮನೆಗೆ ಹೋದಳೆಂದು ಆಮೇಲೆ ಗೊತ್ತಾಯಿತು.

ಸಮಿತಿಯಿಂದ ನನಗೊಂದು ಫೋನ್ ಬಂತು, ಬರೆದದ್ದನ್ನೇ ಹೇಳಿದೆ. ಮಹೇಶ್‌ಕುಮಾರರ ಅರ್ಜಿ ಬಿದ್ದುಹೋಯಿತು. ಅವರೂ ಫೋನ್ ಮಾಡಿ, "ನೀವೇ ಬರ್ದಿದ್ದು ಅಂದ್ರಲ್ರೀ? ನನ್ನ ಮರ್ಯಾದೆ ತೆಗೆದ್ರಲ್ರೀ!" ಎಂದು ಅರಚಿದರು. ಅವರು ಸಾಚಾ ಏನಲ್ಲ, ಇಲ್ಲದ ಅಜ್ಜಿಯ ಬೆರಳು ಬರೆದವರು. ಆದರೂ ಆ ಮಾತು ಸುಳ್ಳಲ್ಲ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಜನ ತುಂಬಿದ್ದಾಗ ಚಿಕ್ಕಸಿದ್ದಮ್ಮ ಬಂದಳು. ಪಿಂಚಣಿ ಕಾಗದ ಜೆರಾಕ್ಸ್ ಮಾಡಿಸಬೇಕಿತ್ತಂತೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಆ ಹೆಂಗಸು ಬಂದವಳೇ ಚೀಲದಿಂದ ಪೇಪರಿನಲ್ಲಿ ಸುತ್ತಿದ ಹಲಸಿನ ತೊಳೆ ತೆಗೆದು ಟೇಬಲ್ಲಿನ ಮೇಲಿಟ್ಟು, ನನ್ನ ಎರಡೂ ಕೈ ಹಿಡಿದುಕೊಂಡಳು. "ನನ್ ಮಗ್ಳಿಗೆ ಸಿಕ್ತು ಕಣವ್ವ! ಜುಲೈಗೆ ಹೊಂಟವ್ಳೆ" ಅಂದಳು.

"ಸಿಕ್ತಾ?" ಅಂದೆ.

"ಸಿಕ್ತು. ಅವ್ಳು ಬರ್ಲಿಲ್ಲ, ಅದೇನ್ ಕೆಲ್ಸವೋ. ಯಾಕೆ ಹುಣಸೂರ್ಗೆ ಹೋಗಾಕಿಲ್ಲ ಅಂದ್ರೆ ಬಾಯೇ ಬುಡಾಕಿಲ್ಲ. ಆದ್ರೆ ಒಂದ್ ಮಾತ್ ಅಂದ್ಲು. ಶಾಹಿಸ್ತಕ್ಕ ಬರ್ಕೊಟ್ಟಿದ್ರಿಂದ್ಲೇ ಸಿಕ್ಕಿದ್ದು ಕಣವ್ವ ಅಂದ್ಲು."

ನನಗೆ ಅರ್ಥವಾಯಿತು, ಗೌತಮಿ ಹೇಳಿದ್ದು ಅರ್ಜಿಯನ್ನಲ್ಲ, ನಾನು ಸಹಿ ಹಾಕಿಕೊಟ್ಟ ಆ ಪತ್ರವನ್ನೆಂದು. ತನ್ನ ಅವ್ವನಿಗೂ ನನ್ನ ವಿಷಯ ಹೇಳಿರಲಿಲ್ಲ ಆ ಹುಡುಗಿ. ಚಿಕ್ಕಸಿದ್ದಮ್ಮ ಅಲ್ಲಿದ್ದವರ ಕಡೆ ತಿರುಗಿ, "ನನ್ ಮಗ್ಳಿಗೆ ದೊಡ್ಡ ಓದಿನ ಕೆಲ್ಸ ಸಿಕ್ಕೈತೆ. ಅರ್ಜಿ ಬರ್ದೋರು ಇವ್ರೇ ಕಣ್ರಪ್ಪ" ಎಂದಳು. ಎಲ್ಲರೂ ನನ್ನನ್ನು ನೋಡಿದರು. ಈ ಸಲ ನಾನು ಸುಮ್ಮನಿರಲಿಲ್ಲ. ಎಲ್ಲರಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ: "ಇಲ್ಲ ಕಣವ್ವ. ಅದ್ರಲ್ಲಿ ಒಂದಕ್ಷರಾನೂ ನಂದಲ್ಲ. ಬರ್ದೋಳು ನಿಮ್ ಮಗ್ಳು. ನಾನು ಅವ್ಳಿಗೆ ಅನ್ಯಾಯ ಮಾಡ್ದೋಳು."

ಚಿಕ್ಕಸಿದ್ದಮ್ಮ ನನ್ನ ಮುಖ ನೋಡಿದಳು. ಆಮೇಲೆ ನಕ್ಕು, ಆ ಒರಟು ಹೆಬ್ಬೆರಳಿನಿಂದ ನನ್ನ ಕೆನ್ನೆ ಒರೆಸಿ, ಜನರ ಕಡೆ ತಿರುಗಿದಳು. "ನೋಡ್ರಪ್ಪ, ಎಷ್ಟ್ ದೊಡ್ ಮನ್ಸು! ಮಾಡಿದ್ನ ಮಾಡ್ದೆ ಅಂತ್ಲೂ ಅನ್ನಾಕಿಲ್ಲ ಈ ತಾಯಿ" ಅಂದಳು. ಸಾಲಿನಲ್ಲಿದ್ದ ಇಬ್ಬರು ತಲೆಯಾಡಿಸಿದರು. ನಾನು ಅವಳ ಪಿಂಚಣಿ ಕಾಗದ ತೆಗೆದುಕೊಂಡು ಮಿಷನ್ನಿನ ಕಡೆ ಹೋದೆ. ಎರಡು ಪ್ರತಿ ಸಾಕಾಗಿತ್ತು, ಯಾಕೋ ನಿಲ್ಲಿಸಲಾಗದೆ ಒಂಬತ್ತು ತೆಗೆದೆ.